ಪ್ರತಿಕೃತಿಗೆ ಮಸಿ ಬಳಿದ ದಿನ

ಕಳೆದ ಲೋಕಸಭೆ ಚುನಾವಣೆಯ ಬೇಸಿಗೆ ಅದು. ಹಿರಿಯೂರಿನಲ್ಲಿ ಬಿಸಿಲಿಗಿಂತ ಮೈಕಿನ ಕಾಟವೇ ಹೆಚ್ಚಾಗಿತ್ತು. ನಾನು ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಸಣ್ಣ ಮಳಿಗೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ತವರು ಹೊಸದುರ್ಗ ತಾಲ್ಲೂಕಿನ ಬಾಗೂರು. ಮದುವೆಯಾಗಿ ಬಂದದ್ದು ಆದಿವಾಲಕ್ಕೆ. ಗಂಡ ತೀರಿಕೊಂಡ ಮೇಲೆ ಈ ಪೇಟೆ, ಈ ಹೊಲಿಗೆ ಮಿಷನ್ನು. ಗಿರಿಜಕ್ಕ ಅಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ರವಿಕೆ ತಡವಾಯಿತೆಂದು ಬೈಯುವವರಿಗಂತೂ ಚೆನ್ನಾಗಿಯೇ ಗೊತ್ತು.

ನಾನು ಕಪ್ಪು. ಗೋಧಿ ಬಣ್ಣ, ಎಣ್ಣೆಗೆಂಪು ಎಂದು ಸುತ್ತಿ ಬಳಸಿ ಹೇಳುವುದಕ್ಕೂ ಜಾಗವಿಲ್ಲದ ಅಪ್ಪಟ ಕಪ್ಪು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಮ್ಮವ್ವನಿಗೆ ನಾನು ಚೆಂದವೇ ಇದ್ದೆ. ಆದರೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ತಿಂದ ಬಾಯಲ್ಲೇ "ಹುಡುಗಿ ಸ್ವಲ್ಪ ಬಣ್ಣ ಕಮ್ಮಿ" ಎಂದು ಎದ್ದು ಹೋಗುತ್ತಿದ್ದರು. ಶಾಲೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲಿ ಏನೇನು ಕೇಳಿಸಿಕೊಂಡಿದ್ದೇನೆ ಎಂದು ಬರೆಯಲು ಕೂತರೆ ಪತ್ರಿಕೆಯವರು ಇನ್ನೊಂದು ಪುಟ ಕೊಡಬೇಕಾಗುತ್ತದೆ. ಅವತ್ತು ನನಗೆ ಯಾಕೆ ಅಷ್ಟು ಸಿಟ್ಟು ಬಂತೆಂದು ತಿಳಿಯಲಿ ಅಂತ ಇಷ್ಟು ಹೇಳಿದೆ.

ನನ್ನ ಅಂಗಡಿಯ ಎದುರು ಸಾಲಿನ ಬ್ಯೂಟಿ ಪಾರ್ಲರಿನಲ್ಲಿ ಅಸೆನ್ಲಾ ಎಂಬ ಹುಡುಗಿ ಕೆಲಸಕ್ಕಿದ್ದಳು. ನಾಗಾಲ್ಯಾಂಡಿನವಳು, ಮೂವತ್ತರ ಆಸುಪಾಸಿನ ವಯಸ್ಸು. ಬೆಂಗಳೂರಿನಲ್ಲಿ ಕೆಲಸ ಕಲಿತು, ಪಾರ್ಲರಿನ ಒಡತಿ ಕರೆದಳೆಂದು ಹಿರಿಯೂರಿಗೆ ಬಂದವಳು ಇಲ್ಲೇ ನೆಲೆನಿಂತಿದ್ದಳು. ಹೊಸದರಲ್ಲಿ ಜನ ಅವಳನ್ನು "ನೇಪಾಳಿ" ಅಂದರು, "ಚೀನಾ" ಅಂದರು, ಕೊನೆಗೆ ನಿಜವಾದ ಹೆಸರಿಗೆ ನಾಲಗೆ ಹೊರಳದೆ "ಆಶಾ" ಅಂದರು. ಪಾಪ, ಅವಳು ಎಲ್ಲಕ್ಕೂ ತಿರುಗಿ ನೋಡುತ್ತಿದ್ದಳು. ಕನ್ನಡವನ್ನು ಪಾರ್ಲರಿಗೆ ಬರುವ ಹೆಂಗಸರಿಂದಲೇ ಕಲಿತಿದ್ದಳು. "ಬರ್ರಿ ಅಕ್ಕ, ಕುಂತ್ಕಳ್ರಿ, ಇನ್ನ ಐದ್ನಿಮಿಷ ಐತೆ" ಎಂದು ಥೇಟ್ ನಮ್ಮವರ ಹಾಗೆಯೇ ರಾಗ ಎಳೆಯುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನನ್ನ ಅಂಗಡಿಗೆ ಬರುತ್ತಿದ್ದಳು. ನನ್ನ ರಾಗಿಮುದ್ದೆಯಲ್ಲಿ ಅರ್ಧ ಮುರಿದು ಅವಳ ಡಬ್ಬಿಗೆ ಹಾಕುತ್ತಿದ್ದೆ. ಮೊದಲ ಸಲ ಅದನ್ನು ಅಗಿಯಲು ಹೋಗಿ ಅವಳು ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ.

ನನ್ನ ಪಕ್ಕದ ಮಳಿಗೆ ಖಾಲಿಯಾದಾಗ ಅವಳೇ ಕೇಳಿದಳು. "ಅಕ್ಕ, ನಾನೇ ಒಂದು ಸಣ್ಣ ಪಾರ್ಲರ್ ಹಾಕ್ಲಾ? ನಿಮ್ಮ ಹತ್ರ ಬ್ಲೌಸ್ ಹೊಲಿಸೋ ಮದ್ವೆ ಹೆಣ್ಗಳು ಹಂಗೇ ನನ್ನ ಹತ್ರ ಬರ್ತಾರೆ." ನನಗೆ ಖುಷಿಯೋ ಖುಷಿ. ಆ ಸಾಲಿನ ಮಳಿಗೆಗಳೆಲ್ಲ ರುದ್ರೇಶಪ್ಪ ಎಂಬುವವರದು. ನನ್ನದೂ ಅವರದೇ ಬಾಡಿಗೆ ಮಳಿಗೆ. ತೆಂಗಿನಕಾಯಿ ವ್ಯಾಪಾರ, ಜೊತೆಗೆ ಒಂದು ಪಕ್ಷದ ಸ್ಥಳೀಯ ಮುಖಂಡ. ಒಂದು ಬೆಳಿಗ್ಗೆ ಅಸೆನ್ಲಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟು ಅವಳ ಕೈಯಲ್ಲೇ ಕೊಡಿಸಿದೆ.

"ಇದೆಲ್ಲ ಯಾಕ್ರಿ ಗಿರಿಜಕ್ಕ" ಎಂದು ನಗುತ್ತಲೇ ರುದ್ರೇಶಪ್ಪ ತಟ್ಟೆಯಿಂದ ಎರಡು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರು. "ಆತಮ್ಮ. ಸೋಮವಾರ ಕೀ ಕೊಡ್ತೀನಿ, ಸುಣ್ಣ ಬಣ್ಣ ಮಾಡಿಸ್ಕೊಂಡು ಶುರು ಮಾಡು" ಅಂದರು.

ನಮ್ಮ ಕಡೆ ಹೀಗೆ ಎಲೆ ಅಡಿಕೆ ಹಾಕಿಕೊಂಡರೆ ಮಾತು ಮುಗಿದ ಹಾಗೆ. ಹೆಣ್ಣು ಕೊಡುವಾಗಲೂ ಅಷ್ಟೇ, ಹೊಲ ಕೊಡುವಾಗಲೂ ಅಷ್ಟೇ. ಕಾಗದ ಪತ್ರ ಆಮೇಲೆ. ಹೊರಗೆ ಬಂದ ಮೇಲೆ ಅಸೆನ್ಲಾಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. "ಇನ್ನು ದೇವ್ರು ಬಂದ್ರೂ ತಪ್ಸಕ್ಕಾಗಲ್ಲ ಕಣೇ" ಅಂದೆ. ನನ್ನ ಮಾತು ನಂಬಿ ಅವಳು ಅವತ್ತೇ ಪಾರ್ಲರಿನ ಕೆಲಸ ಬಿಡುತ್ತೇನೆಂದು ಒಡತಿಗೆ ಹೇಳಿದಳು. ಒಡತಿ ಮುಖ ಊದಿಸಿಕೊಂಡು, ಮಾರನೆಯ ದಿನವೇ ಇನ್ನೊಬ್ಬಳನ್ನು ಇಟ್ಟುಕೊಂಡಳು.

ಅದೇ ವಾರ ದೆಹಲಿಯ ದೊಡ್ಡ ಮನುಷ್ಯರೊಬ್ಬರು ದಕ್ಷಿಣದವರ ಮೈಬಣ್ಣದ ಬಗ್ಗೆ, ಈಶಾನ್ಯದವರ ಮುಖದ ಬಗ್ಗೆ ಆಡಬಾರದ ಮಾತು ಆಡಿಬಿಟ್ಟರು. ಯಾರು, ಯಾವ ಪಕ್ಷ ಅಂತ ನಾನು ಬರೆಯುವುದಿಲ್ಲ. ಬರೆದರೆ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಇನ್ನರ್ಧ ಜನ ಚಪ್ಪಾಳೆ ಹೊಡೆಯುತ್ತಾರೆ. ಎರಡೂ ನನಗೆ ಬೇಡ. ಟಿವಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಅದೇ ಸುದ್ದಿ. ಒಂದು ಪಕ್ಷದವರು "ಇದು ಜನಾಂಗೀಯ ನಿಂದನೆ, ದೇಶಕ್ಕೆ ಮಾಡಿದ ಅವಮಾನ" ಎಂದು ಕೂಗಿದರು. ಇನ್ನೊಂದು ಪಕ್ಷದವರು ಇವರ ನಾಯಕ ಎಂದೋ ಆಡಿದ ಅಂಥದೇ ಮಾತಿನ ಹಳೇ ವಿಡಿಯೊ ಹುಡುಕಿ ತಂದು "ನೀವೇನು ಕಮ್ಮಿ" ಅಂದರು. ನಮ್ಮ ಬಣ್ಣ, ನಮ್ಮ ಮೂಗು, ನಮ್ಮ ಕಣ್ಣು ಹಿಡಿದುಕೊಂಡು ಜಗ್ಗಾಡುತ್ತಿದ್ದರೇ ಹೊರತು ನಮ್ಮನ್ನು ಕೇಳಿದವರು ಯಾರೂ ಇಲ್ಲ.

ಶುಕ್ರವಾರ ರುದ್ರೇಶಪ್ಪ ಅಂಗಡಿಗೆ ಬಂದರು. "ಗಿರಿಜಕ್ಕ, ನಾಳೆ ಪ್ರತಿಭಟನೆ ಐತೆ. ಆ ಮನುಷ್ಯನ ಪ್ರತಿಕೃತಿ ಸುಡ್ತೀವಿ. ಒಂದು ಬಿಳಿ ಜುಬ್ಬ ಹೊಲ್ಕೊಡ್ರಿ. ಒಳಗೆ ತುಂಬಾಕೆ ಚಿಂದಿ ಬಟ್ಟೆನೂ ಬೇಕು. ಆಮೇಲೆ, ನೀವೂ ಬರ್ಬೇಕು. ಮುಂದಿನ ಸಾಲಲ್ಲೇ ನಿಂತ್ಕಬೇಕು. ಟಿವಿಯೋರು ಬರ್ತಾರೆ. ನಿಮ್ಮಂಥೋರು ನಿಂತ್ರೆನೇ ವಿಷಯ ಜನಕ್ಕೆ ತಟ್ಟೋದು" ಅಂದರು.

"ನಿಮ್ಮಂಥೋರು ಅಂದ್ರೆ ಎಂಥೋರು?" ಅಂತ ಕೇಳಿದೆ.

ರುದ್ರೇಶಪ್ಪ ತಮ್ಮ ಕೆನ್ನೆ ಮುಟ್ಟಿಕೊಂಡು, "ಅದೇ ಅಕ್ಕ... ಬಣ್ಣ" ಅಂದರು.

ನಕ್ಕುಬಿಟ್ಟೆ. ನಕ್ಕರೂ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಸಂತೋಷವೇ ಆಗಿತ್ತು. ಜೀವಮಾನವೆಲ್ಲ ಕರಿ, ಕರ್ಗಿ, ಕಾಗೆ ಅನ್ನಿಸಿಕೊಂಡವಳಿಗೆ, ಅದು ತಪ್ಪು ಎಂದು ರಸ್ತೆಗಿಳಿದು ಕೂಗುವವರು ಈಗಲಾದರೂ ಹುಟ್ಟಿದರಲ್ಲ ಅನ್ನಿಸಿತು. ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ಜುಬ್ಬ ಹೊಲಿದೆ. ಸುಡುವ ಗೊಂಬೆಗೆ ಇಷ್ಟು ಅಚ್ಚುಕಟ್ಟು ಯಾಕೆ ಎಂದು ಅಸೆನ್ಲಾ ನಗಾಡಿದಳು. "ಟಿವಿಲಿ ಬರೋದು ಕಣೇ, ನನ್ ಮರ್ಯಾದೆ ಪ್ರಶ್ನೆ" ಅಂದೆ. ಚಿಂದಿಯನ್ನು ಅವಳೇ ಕೂತು ತುಂಬಿದಳು.

ಶನಿವಾರ ಹೊತ್ತೇರುವ ಮೊದಲೇ ಜನ ಸೇರಿದರು. ನೆರೆಹೊರೆಯ ಹೆಂಗಸರ ಜೊತೆ ನಾನೂ ಮುಂದಿನ ಸಾಲಿನಲ್ಲಿ ನಿಂತೆ. ಧಿಕ್ಕಾರ ಕೂಗುತ್ತ ಸರ್ಕಲ್ಲಿಗೆ ಬಂದೆವು. ಗೊಂಬೆಗೆ ಮಡಕೆಯ ತಲೆ. ಅದರ ಮೇಲೆ ಬಿಳಿ ಬಟ್ಟೆ ಸುತ್ತಿ ಕಣ್ಣು, ಮೀಸೆ ಬರೆದಿದ್ದರು. ನನ್ನ ಜುಬ್ಬದ ಕಾಲರು ಚೆನ್ನಾಗಿ ಕೂತಿತ್ತು. ರುದ್ರೇಶಪ್ಪ ಟೆಂಪೋ ಮೇಲೆ ಹತ್ತಿ ಮೈಕು ಹಿಡಿದರು.

"ಕಪ್ಪು ನಮ್ಗೆ ಅವಮಾನ ಅಲ್ಲ, ಅಭಿಮಾನ! ನಮ್ಮ ಎರೆ ಭೂಮಿ ಕಪ್ಪು! ನಮ್ಮ ಕೃಷ್ಣ ಕಪ್ಪು! ನಮ್ಮ ತಾಯಿ ಕರಿಯಮ್ಮ ಕಪ್ಪು! ಯಾವನ್ರಿ ಅವ್ನು ನಮ್ಮ ಬಣ್ಣ ಆಡ್ಕೊಳ್ಳೋಕೆ?"

ಅಂಗೈ ಬಿಸಿಯಾಗುವಷ್ಟು ಚಪ್ಪಾಳೆ ಹೊಡೆದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಹಿಂದಿನಿಂದ ಕೇಕೆ, ಸಿಳ್ಳೆ ಕೇಳಿಸಿತು. ತಿರುಗಿ ನೋಡಿದೆ. ಪಕ್ಷದ ಶಾಲು ಹಾಕಿಕೊಂಡ ಇಬ್ಬರು ಗ್ಯಾರೇಜಿನಿಂದ ಸುಟ್ಟ ಆಯಿಲ್ ಡಬ್ಬ ತಂದಿದ್ದರು. ಅದರಲ್ಲಿ ಮಸಿ ಕಲಸಿ, ಬಟ್ಟೆ ಅದ್ದಿ ಗೊಂಬೆಯ ಮುಖಕ್ಕೆ ಬಳಿಯುತ್ತಿದ್ದರು.

"ಬಳೀರ್ಲೇ, ಚೆನ್ನಾಗ್ ಬಳೀರಿ! ಮೋರೆ ತುಂಬಾ ಬಳೀರಿ!"

"ಈಗ್ ನೋಡ್ಲೇ ಹೆಂಗ್ ಕಾಣ್ತಾನೆ, ಥೂ!"

ಒಬ್ಬ ಹೋಗಿ ಆ ಕಪ್ಪು ಮುಖಕ್ಕೆ ಉಗಿದ. ಇನ್ನೊಬ್ಬ ಚಪ್ಪಲಿ ಹಾರ ಹಾಕಿದ. ಜನ ಬಿದ್ದು ಬಿದ್ದು ನಕ್ಕರು. ಟೆಂಪೋ ಮೇಲೆ ರುದ್ರೇಶಪ್ಪ ಇನ್ನೂ "ಕಪ್ಪು ನಮ್ಮ ಅಭಿಮಾನ" ಎಂದು ಒದರುತ್ತಲೇ ಇದ್ದರು. ನಾನು ಆ ಮಡಕೆಯನ್ನೇ ನೋಡಿದೆ. ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ನನ್ನ ಮುಖವನ್ನು ನಾನು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವವಳು. ಅದೇ ಬಣ್ಣ.

ಪಕ್ಕದವಳಿಗೆ, "ನೋಡಿದ್ಯೇನೇ, ಏನ್ ಮಾಡ್ತಾ ಅವ್ರೆ ಇವ್ರು?" ಅಂದೆ. "ಮಸಿ ಬಳಿಯೋದು ಪದ್ಧತಿ ಅಲ್ವೇನಕ್ಕ, ಎಲ್ರೂ ಬಳೀತಾರೆ" ಅಂದಳು. ಅವಳಿಗೆ ಏನೂ ಅನ್ನಿಸಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದೆನೇನೋ. ಆದರೆ ಬಿಸಿಲು ನೋಡಿ ಅಸೆನ್ಲಾ ನನಗೆಂದು ನೀರಿನ ಬಾಟಲಿ ತಂದಳು. ರುದ್ರೇಶಪ್ಪನ ಕಣ್ಣು ಅವಳ ಮೇಲೆ ಬಿತ್ತು.

"ಅಗೋ ನೋಡ್ರಿ ನಮ್ಮ ತಂಗಿ! ಪೂರ್ವ ದಿಕ್ಕಿನಿಂದ ಬಂದ ನಮ್ಮ ತಂಗಿ! ಇವ್ಳನ್ನ ಪರದೇಶದೋಳು ಅಂದ ಅವ್ನು! ಬಾರಮ್ಮ ಮುಂದಕ್ಕೆ!" ಎಂದು ಕೂಗಿ, ತಾವೇ ಕೆಳಗಿಳಿದು, ಅವಳ ರಟ್ಟೆ ಹಿಡಿದು ಕ್ಯಾಮೆರಾದ ಮುಂದೆ ನಿಲ್ಲಿಸಿದರು.

"ಭಾರತ್ ಮಾತಾ ಕೀ ಜೈ ಅನ್ನಮ್ಮ" ಅಂದರು. ಅವಳು ಅಂದಳು. ಯಾರೋ "ಕೇಳಿಸ್ಲಿಲ್ಲ, ಇನ್ನೊಂದ್ಸಲ" ಅಂದರು. ಮತ್ತೆ ಅಂದಳು. "ಜೋರಾಗಿ!" ಅಂದರು. ಅವಳ ಮುಖ ಕೆಂಪಾಯಿತು, ಆದರೂ ಜೋರಾಗಿಯೇ ಅಂದಳು. ಅಲ್ಲಿ ಅಷ್ಟೊಂದು ಜನ ಇದ್ದೆವಲ್ಲ, ಬೇರೆ ಯಾರನ್ನೂ ಹೀಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳಿಸಲಿಲ್ಲ. ಹಿಂದಿನಿಂದ ಒಬ್ಬ "ಏಯ್ ಮೋಮೋ" ಎಂದು ಕೂಗಿದ. ಮತ್ತೆ ನಗು. ಮೈಕು ಹಿಡಿದಿದ್ದ ಟಿವಿಯವನು, "ನಿಮ್ಮ ದೇಶದಲ್ಲಿ ಇದರ ಬಗ್ಗೆ ಜನ ಏನು ಹೇಳ್ತಾರೆ ಮೇಡಂ?" ಎಂದು ಕೇಳಿದ.

"ನಮ್ದೂ ಇದೇ ದೇಶ ರೀ" ಅಂದಳು ಅಸೆನ್ಲಾ.

ಟಿವಿಯವನು ನಾಲಗೆ ಕಚ್ಚಿಕೊಂಡು ಕ್ಯಾಮೆರಾ ಬೇರೆ ಕಡೆ ತಿರುಗಿಸಿದ. ಅಷ್ಟು ಹೊತ್ತು ತಂಗಿ ತಂಗಿ ಅಂದಿದ್ದಕ್ಕೋ ಏನೋ, ಅವಳಿಗೆ ಧೈರ್ಯ ಬಂದಿತ್ತು. ರುದ್ರೇಶಪ್ಪನಿಗೆ, "ಅಣ್ಣ, ಸೋಮವಾರ ಎಷ್ಟೊತ್ತಿಗೆ ಬರ್ಲಿ ಕೀಗೆ?" ಎಂದು ಕೇಳಿದಳು.

ರುದ್ರೇಶಪ್ಪ ಅವಳನ್ನು ಬಿಟ್ಟು ನನ್ನ ಕಡೆ ಬಾಗಿ ಮೆಲ್ಲಗೆ, "ಗಿರಿಜಕ್ಕ, ಅದು ಆಗಲ್ಲ ಅಂತ ನೀವೇ ಹೇಳ್ಬಿಡ್ರಿ. ಮನೇಲಿ ಒಪ್ತಿಲ್ಲ. ಇವ್ರು ಏನೇನೋ ತಿಂತಾರಂತೆ. ಪಕ್ಷದೋರೂ ಬ್ಯಾಡ ಅಂತಾವ್ರೆ, ಚೀನಾದೋಳಿಗೆ ಮಳಿಗೆ ಕೊಟ್ಟ ಅಂತ ಎದುರು ಪಾರ್ಟಿಯೋರು ಎತ್ಕೊಂಡ್ರೆ ಕಷ್ಟ. ಎಲೆಕ್ಷನ್ ಟೈಮು, ನಿಮ್ಗೆ ಗೊತ್ತಲ್ಲ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುವುದನ್ನು ಕೇಳಿದ್ದೆ. ಅದು ಕಣ್ಣೆದುರೇ ಮೈಕು ಹಿಡಿದು ನಿಂತಿತ್ತು. ಅವಳ ರಟ್ಟೆ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲವಲ್ಲ! ಅಸೆನ್ಲಾ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳಿಗೆ ಕನ್ನಡ ಬರುತ್ತದೆ ಎಂಬುದೂ ಆ ಮನುಷ್ಯನಿಗೆ ಮರೆತುಹೋಗಿತ್ತು.

ಆ ಕಡೆ ಪ್ರತಿಕೃತಿಗೆ ಸೀಮೆಎಣ್ಣೆ ಸುರಿಯಲು ಹೊರಟಿದ್ದರು. ನಾನು ಜನರ ನಡುವೆ ನುಗ್ಗಿ ಆ ಗೊಂಬೆಯನ್ನು ಕಿತ್ತುಕೊಂಡೆ. ಚಿಂದಿ ತುಂಬಿದ ಗೊಂಬೆ, ಭಾರವೇನಿರಲಿಲ್ಲ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುರಸ್ತೆಯಲ್ಲಿ ಕೂತುಬಿಟ್ಟೆ. ಅದರದೇ ಜುಬ್ಬದ ತುದಿಯಿಂದ ಅದರ ಮುಖ ಒರೆಸಲು ಶುರು ಮಾಡಿದೆ. ಒರೆಸಿದಷ್ಟೂ ಆಯಿಲ್ ಹರಡಿತು. ನನ್ನ ಕೈ, ಸೀರೆ ಎಲ್ಲ ಮಸಿಯಾಯಿತು.

"ಏನ್ ಮಾಡ್ತೀಯಮ್ಮ? ಎದ್ದೇಳು!" ಎಂದು ನಾಲ್ಕಾರು ಜನ ಸುತ್ತುಗಟ್ಟಿದರು.

"ಇದ್ಕೆ ಮಸಿ ಯಾಕ್ ಬಳಿದ್ರಿ? ಮೊದ್ಲು ಅದನ್ ಹೇಳ್ರಿ" ಅಂದೆ.

"ಅವ್ನಿಗೆ ಅವಮಾನ ಮಾಡಾಕೆ!"

"ಮುಖ ಕಪ್ಪಾದ್ರೆ ಅವಮಾನಾನಾ? ಹಂಗಾರೆ ನನ್ ಮುಖ ಏನು? ನನ್ನನ್ನ ಮುಂದ್ಗಡೆ ನಿಲ್ಸಿ, ಹಿಂದ್ಗಡೆ ನನ್ ಬಣ್ಣಾನೇ ತಗೊಂಡು ಅವ್ನಿಗೆ ಬಳಿದು ಉಗೀತೀರಲ್ಲ, ಆ ದೆಹಲಿಯೋನಿಗೂ ನಿಮ್ಗೂ ಏನ್ರೋ ವ್ಯತ್ಯಾಸ?"

ಕಥೆಗಳಲ್ಲಾದರೆ ಈಗ ಎಲ್ಲರೂ ತಲೆ ತಗ್ಗಿಸಬೇಕಿತ್ತು. ಒಬ್ಬನೂ ತಗ್ಗಿಸಲಿಲ್ಲ. "ಎದುರು ಪಾರ್ಟಿಯೋರು ಕಳ್ಸವ್ರೆ ಇವ್ಳನ್ನ" ಅಂದ ಒಬ್ಬ. "ಬಿಸ್ಲಿಗೆ ತಲೆ ಕೆಟ್ಟೈತೆ" ಅಂದ ಇನ್ನೊಬ್ಬ. ಮಹಿಳಾ ಪೊಲೀಸು ಬಂದು "ಏಳ್ರಮ್ಮ, ಬಸ್ಸು ನಿಂತಾವೆ" ಎಂದು ತೋಳು ಹಿಡಿದಳು. ಹತ್ತಾರು ಮೊಬೈಲುಗಳು ನನ್ನ ಕಡೆ ತಿರುಗಿದ್ದವು.

ರುದ್ರೇಶಪ್ಪ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು "ಮರ್ಯಾದೆ ಕಳೀಬ್ಯಾಡ್ರಿ ಗಿರಿಜಕ್ಕ" ಅಂದಾಗ ನನ್ನ ಬಾಯಲ್ಲಿ ಬಹುವಚನವೂ ಉಳಿಯಲಿಲ್ಲ.

"ಮರ್ಯಾದೆ? ನಿಂಗೈತೇನೋ ಮರ್ಯಾದೆ? ಆ ಹುಡ್ಗಿ ತಟ್ಟೆಯಿಂದ ಎಲೆ ತಗೊಂಡು ಸುಣ್ಣ ಹಚ್ಚಿ ಬಾಯಿಗೆ ಹಾಕ್ಕಂಡೆ. ನಾನೇ ನಿಂತು ನೋಡೀನಿ. ಈಗ ಮಳಿಗೆ ಕೊಡಲ್ಲ ಅಂತೀಯ. ಎಲೆ ಅಗ್ದು ನುಂಗಿ ಮಾತು ಉಗುಳ್ತೀಯೇನೋ? ನಿನ್ ಮಾತು ನಂಬಿ ಅವ್ಳು ಇದ್ದ ಕೆಲ್ಸ ಬಿಟ್ಟವ್ಳೆ!"

ಈಗ ಗುಂಪಿನ ವರಸೆಯೇ ಬದಲಾಯಿತು. ನಗುತ್ತಿದ್ದವರು ನಗು ನಿಲ್ಲಿಸಿ ರುದ್ರೇಶಪ್ಪನ ಮುಖ ನೋಡಿದರು. ಬೀದಿ ಬದಿಯಲ್ಲಿ ನಿಂತು ನೋಡುತ್ತಿದ್ದ ಖಾದರ್ ಸಾಬರು ಮುಂದೆ ಬಂದರು. ತಲೆತಲಾಂತರದಿಂದ ತೆಂಗಿನಕಾಯಿ ಮಂಡಿ ನಡೆಸುವ ಮನೆತನದ ಹಿರಿಯರು. ಮಂಡಿಯಲ್ಲಿ ಅವರ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

"ರುದ್ರೇಶಪ್ಪ, ಎಲೆ ಹಾಕ್ಕಂಡಿದ್ದು ನಿಜಾನಾ?" ಎಂದು ಕೇಳಿದರು.

"ಅದು... ಸಾಬ್ರೆ, ಸುಮ್ನೆ ಹಂಗೆ..."

"ಸುಮ್ನೆ ಯಾರಾದ್ರೂ ಎಲೆ ಹಾಕ್ಕಂತಾರೇನಪ್ಪ? ವ್ಯಾಪಾರಸ್ಥ ನೀನು. ಎಲೆ ಹಾಕ್ಕಂಡ ಮಾತಿಂದ ಹಿಂದೆ ಸರಿದ್ರೆ ನಾಳೆ ಮಂಡಿಲಿ ನಿನ್ ಮಾತ್ ಯಾರ್ ನಂಬ್ತಾರೆ?"

"ಹೌದ್ ಮತ್ತೆ, ಎಲೆ ಹಾಕ್ಕಂಡ್ ಮೇಲೆ ಕೊಡ್ಬೇಕಪ್ಪ" ಅಂದರು ಇನ್ನಿಬ್ಬರು. ಆಗಲೇ ಗೊಂಬೆಗೆ ಉಗಿದಿದ್ದವನೂ "ತಪ್ಪಾಗ್ತೈತೆ ಅಣ್ಣ" ಅಂದ. ರುದ್ರೇಶಪ್ಪ ಬೆವರು ಒರೆಸಿಕೊಂಡು, "ಆಯ್ತು ಆಯ್ತು, ಕೊಡ್ತೀನಿ. ಎದ್ದೇಳಕ್ಕ" ಅಂದರು.

ನಾನು ಎದ್ದೆ. ಗೆದ್ದೆ ಎಂದು ಕೆಲವರು ಬೆನ್ನು ತಟ್ಟಿದರು. ನನಗೆ ಮಾತ್ರ ಇನ್ನೂ ಜಾಸ್ತಿ ಸಿಟ್ಟು ಬಂದಿತ್ತು. ನನ್ನ ಬಣ್ಣ ಉಗಿಸಿಕೊಂಡಾಗ ಯಾರಿಗೂ ತಪ್ಪು ಅನ್ನಿಸಲಿಲ್ಲ. ಈ ದೇಶದ ಹುಡುಗಿಯೊಬ್ಬಳನ್ನು ನಿಲ್ಲಿಸಿ, ಈ ದೇಶದವಳೆಂದು ಮತ್ತೆ ಮತ್ತೆ ಹೇಳಿಸಿದಾಗ ತಪ್ಪು ಅನ್ನಿಸಲಿಲ್ಲ. ವೀಳ್ಯದೆಲೆಯ ಮಾತು ಬಂದಾಗ ಮಾತ್ರ ಎಲ್ಲರಿಗೂ ನ್ಯಾಯ ಅನ್ಯಾಯ ನೆನಪಾಯಿತು. ಎಲೆಗೆ ಬೆಲೆ ಕೊಡುವ ನಮ್ಮ ಜನ ಒಳ್ಳೆಯವರೇ. ಆದರೆ ಅವಳು ತಟ್ಟೆ ಹಿಡಿದು ಹೋಗದೇ ಇದ್ದಿದ್ದರೆ? ಬರೀ ಮನುಷ್ಯಳು, ಬರೀ ಈ ದೇಶದವಳು ಅನ್ನುವುದು ಸಾಲುತ್ತಿರಲಿಲ್ಲವೇ?

ಅವತ್ತೇ ಸಂಜೆ ನನ್ನ ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಭಾನುವಾರ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಒಂದು ಕಾರು ನಿಂತಿತು. ಎದುರು ಪಕ್ಷದ ಸ್ಥಳೀಯರು, ಅಂದರೆ ಆ ಮಾತು ಆಡಿದ ದೆಹಲಿಯವರ ಪಕ್ಷದವರು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ ತೆಗೆಯುವವನು ಎಲ್ಲ ತಯಾರಿ ಮಾಡಿಕೊಂಡೇ ಬಂದಿದ್ದರು. "ನಮ್ಮ ನಾಯಕರ ಮಾನ ಉಳಿಸಿದ ತಾಯಿ ನೀವು" ಎಂದು ಶಾಲು ಬಿಚ್ಚಿದರು.

"ನಿಮ್ಮ ನಾಯಕ ಬಾಯಿ ಮುಚ್ಕೊಂಡಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ" ಅಂದೆ. ಅವರು ಅದಕ್ಕೂ ನಕ್ಕರು. ಆಗ ಕೇಳಿದೆ. "ನಿಮ್ಮಲ್ಲಿ ಯಾರ್ದಾದ್ರೂ ಮಳಿಗೆ ಖಾಲಿ ಐತೇನ್ರಿ? ಈ ಹುಡ್ಗಿಗೆ ಕೊಡ್ತೀರಾ?"

ಅಸೆನ್ಲಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅವರು ಅವಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡಾಣ, ಎಲೆಕ್ಷನ್ ಮುಗೀಲಿ" ಎಂದು ಶಾಲು ಮಡಚಿಕೊಂಡು ಕಾರು ಹತ್ತಿದರು. ಹಣ್ಣಿನ ಬುಟ್ಟಿಯನ್ನೂ ಬಿಡಲಿಲ್ಲ, ತೆಗೆದುಕೊಂಡೇ ಹೋದರು.

ಸೋಮವಾರ ರುದ್ರೇಶಪ್ಪನ ಗುಮಾಸ್ತ ಬಂದು ನನ್ನ ಮಿಷನ್ನಿನ ಮೇಲೆ ಬೀಗದ ಕೈ ಇಟ್ಟ. "ಗಿರಿಜಕ್ಕಂಗೆ ಕೊಡು ಅಂದ್ರು ಯಜಮಾನ್ರು" ಅಂದ. ಅಂಗಡಿ ಇಡುವವಳು ಪಕ್ಕದಲ್ಲೇ ಕೂತಿದ್ದಾಳೆ, ಕೀ ನನಗೆ! ಅದನ್ನು ಹಿಡಿದುಕೊಂಡು, ಅಸೆನ್ಲಾಳನ್ನು ಎಬ್ಬಿಸಿಕೊಂಡು ನೇರ ಅವರ ಮನೆಗೆ ನಡೆದೆ. ರುದ್ರೇಶಪ್ಪ ಜಗಲಿಯ ಮೇಲೆ ಕೂತಿದ್ದರು. "ಇವ್ಳ ಕೈಗೆ ಕೊಡ್ರಿ" ಎಂದು ಕೀ ಅವರ ಮುಂದೆ ಹಿಡಿದೆ.

ಅವರು ಅದನ್ನು ತೆಗೆದುಕೊಂಡು, ಅವಳ ಕೈಗೆ ಕೊಡದೆ ಜಗಲಿಯ ತುದಿಗೆ ಇಟ್ಟರು. "ತಗಾಳಮ್ಮ, ಅಲ್ಲೈತೆ. ಆದ್ರೆ ಒಂದೆರಡು ಮಾತು. ಬೋರ್ಡಲ್ಲಿ ನಿನ್ ಹೆಸ್ರು ಬ್ಯಾಡ, ಗಿರಿಜಕ್ಕನ ಹೆಸ್ರಿರ್ಲಿ. ಆಮೇಲೆ ಪೊಲೀಸ್ ಸ್ಟೇಷನ್ನಿಂದ ಒಂದು ಕಾಗದ ತಂದ್ಕೊಡು, ನೀನು ಎಲ್ಲಿಯೋಳು ಏನು ಅಂತ" ಅಂದರು.

ಅಸೆನ್ಲಾ ಇದುವರೆಗೆ ಅವರ ಎದುರು ಒಂದು ಮಾತೂ ಎತ್ತರಿಸಿ ಆಡಿದವಳಲ್ಲ. ಈಗಲೂ ದನಿ ಎತ್ತರಿಸಲಿಲ್ಲ. "ಅಣ್ಣ, ಗಿ‌ರಿಜಕ್ಕ ನಿಮ್ಮ ಹತ್ರ ಮಳಿಗೆ ತಗೊಂಡಾಗ ಪೊಲೀಸ್ ಕಾಗದ ಕೇಳಿದ್ರಾ?" ಅಂದಳು.

"ಅವ್ರನ್ಯಾಕ್ ಕೇಳ್ಲಿ? ಅವ್ರು ನಮ್ಮೋರು."

"ಸರಿ ಅಣ್ಣ" ಅಂದಳು. ಜಗಲಿಯ ಮೇಲಿದ್ದ ಕೀಯನ್ನು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು. ನಾನು ಅಲ್ಲೇ ನಿಂತು ಆ ಮನುಷ್ಯನಿಗೆ ಏನೇನು ಅಂದೆನೋ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ದಾರಿಯುದ್ದಕ್ಕೂ ಅವಳ ಜೊತೆ ವಾದ ಮಾಡಿದೆ. ಕಾಗದ ತರೋಣ, ಬೋರ್ಡಿನ ವಿಷಯ ಆಮೇಲೆ ನೋಡಿಕೊಳ್ಳೋಣ, ಒಮ್ಮೆ ಒಳಗೆ ಕಾಲಿಟ್ಟರೆ ಯಾರು ಎಬ್ಬಿಸುತ್ತಾರೆ ಅಂದೆ. "ನನ್ ಅಂಗ್ಡಿಗೆ ನನ್ ಹೆಸ್ರು ಇರ್ಬೇಕು ಅಕ್ಕ" ಎಂದಷ್ಟೇ ಅಂದಳು. 

ಚಿತ್ರದುರ್ಗದ ಒಂದು ಪಾರ್ಲರಿನಲ್ಲಿ ಅವಳಿಗೆ ಮತ್ತೆ ಕೆಲಸ ಸಿಕ್ಕಿತು. ಸ್ವಂತದ್ದಲ್ಲ, ಇನ್ನೊಬ್ಬರ ಕೈಕೆಳಗಿನದೇ. ಈಗಲೂ ಫೋನ್ ಮಾಡುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ಪಕ್ಕದ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವನು ಬಂದಿದ್ದಾನೆ. ಅವನನ್ನು ಯಾರೂ ಪೊಲೀಸ್ ಕಾಗದ ಕೇಳಲಿಲ್ಲ, ನಾನೇ ವಿಚಾರಿಸಿ ನೋಡಿದ್ದೇನೆ. ನನ್ನನ್ನು ಎಬ್ಬಿಸುವ ಧೈರ್ಯ ರುದ್ರೇಶಪ್ಪನಿಗೆ ಇನ್ನೂ ಬಂದಿಲ್ಲ. ಟಿವಿಯಲ್ಲಿ ಯಾವ ಪಕ್ಷದವರೇ ಆಗಲಿ, ಯಾರನ್ನೋ ಯಾರೋ ಜನಾಂಗೀಯವಾಗಿ ನಿಂದಿಸಿದರು ಎಂದು ಎದೆ ಬಡಿದುಕೊಂಡರೆ ನಾನು ಎದ್ದು ಆರಿಸಿಬಿಡುತ್ತೇನೆ. ನಿಂದನೆ ಆಗಿಲ್ಲ ಅಂತಲ್ಲ. ಆಗಿದೆ, ಅನುಭವಿಸಿದವಳು ನಾನು. ಆದರೆ ಬಡಿದುಕೊಳ್ಳುವ ಆ ಕೈಗಳನ್ನು ನೋಡಲು ನನಗಾಗುವುದಿಲ್ಲ.

ಅವಳನ್ನು ಬಸ್ಸು ಹತ್ತಿಸಲು ನಾನೇ ನಿಲ್ದಾಣಕ್ಕೆ ಹೋಗಿದ್ದೆ. ಒಂದು ಸೂಟ್‌ಕೇಸು, ಒಂದು ಚೀಲ, ನಾನು ಕಟ್ಟಿಕೊಟ್ಟ ಚಟ್ನಿಪುಡಿ. ದುಃಖ ತಡೆಯಲಾರದೆ ಅವಳ ಕೈ ಹಿಡಿದುಕೊಂಡು, "ನಮ್ಮೂರ ಜನ ಎಲ್ರೂ ಹಂಗಲ್ಲ ಕಣೇ, ಬೇಜಾರ್ ಮಾಡ್ಕೋಬ್ಯಾಡ" ಅಂದೆ.

"ಗೊತ್ತು ಅಕ್ಕ" ಅಂದಳು. ಬಸ್ಸಿನ ಮೆಟ್ಟಿಲು ಹತ್ತಿ, ಚೀಲ ಒಳಗೆ ಹಾಕಿ, ಮತ್ತೆ ತಿರುಗಿ ನೋಡಿದಳು. "ನಾನೂ ನಮ್ಮೂರು ಅಂತಾನೇ ಅನ್ಕಂಡಿದ್ದೆ."

ಬಸ್ಸು ಹೋಯಿತು, ನಾನು ಅಂಗಡಿಗೆ ಬಂದು ಮತ್ತೆ ಮಿಷನ್ನು ತುಳಿದೆ. ಸಿಟ್ಟು ಮಾತ್ರ ಹಾಗೇ ಇದೆ.